ಮೂರು ಕ್ಯಾಪ್ಟನ್‌ಗಳು ಬೇಡ ಅಂದರು: ಅಡ್ಮಿರಲ್ ಫಾನ್ ಸ್ಪೇ ಪ್ರಕರಣ

1914ರ ಡಿಸೆಂಬರ್ 6, ಮೊದಲನೇ ಮಹಾಯುದ್ಧದ ಕಾಲ. ದಕ್ಷಿಣ ಅಮೆರಿಕದ ತುತ್ತತುದಿಯಲ್ಲಿ ಪಿಕ್ಟನ್ ಅನ್ನೋ ದ್ವೀಪದ ಮರೆಯಲ್ಲಿ ಐದು ಜರ್ಮನ್ ಯುದ್ಧನೌಕೆಗಳು ಲಂಗರು ಹಾಕಿ ನಿಂತಿದ್ದವು. ವೈಸ್ ಅಡ್ಮಿರಲ್ ಮ್ಯಾಕ್ಸಿಮಿಲಿಯನ್ ಫಾನ್ ಸ್ಪೇ ತನ್ನ ಕ್ಯಾಪ್ಟನ್‌ಗಳನ್ನು ಶಾರ್ನ್‌ಹಾರ್ಸ್ಟ್ ಹಡಗಿಗೆ ಕರೆಸಿದ. ವಿಷಯ ಒಂದೇ. ಊರಿಗೆ, ಅಂದರೆ ಜರ್ಮನಿಗೆ ಹೋಗುವ ದಾರಿಯಲ್ಲಿ ಬ್ರಿಟಿಷರ ಫಾಕ್‌ಲ್ಯಾಂಡ್ ದ್ವೀಪ ಸಿಗುತ್ತದೆ. ಅಲ್ಲಿನ ಸ್ಟ್ಯಾನ್ಲಿ ಬಂದರಿಗೆ ನುಗ್ಗಿ ವೈರ್‌ಲೆಸ್ ಕೇಂದ್ರ ಒಡೆಯೋಣ, ಕಲ್ಲಿದ್ದಲ ರಾಶಿ ಸುಡೋಣ, ಗವರ್ನರನನ್ನು ಹಿಡಿದುಕೊಂಡು ಹೋಗೋಣ. ಸಮೋವಾದ ಜರ್ಮನ್ ಗವರ್ನರನನ್ನು ನ್ಯೂಜಿಲೆಂಡಿನವರು ಸೆರೆ ಹಿಡಿದಿದ್ದರು, ಅದಕ್ಕೆ ಇದು ಉತ್ತರ.

ಗ್ನೈಸೆನಾವ್ ಹಡಗಿನ ಮೆರ್ಕರ್ ಬೇಡ ಅಂದ. ಡ್ರೆಸ್ಡೆನ್‌ನ ಲ್ಯೂಡೆಕೆ ಬೇಡ ಅಂದ. ಲೈಪ್ಜಿಗ್‌ನ ಹೌನ್ ಕೂಡ ಬೇಡ ಅಂದ. ಹೌದು ಅಂದದ್ದು ಸ್ಪೇಯ ಪಕ್ಕದಲ್ಲೇ ಇರುತ್ತಿದ್ದ ಅವನ ಚೀಫ್ ಆಫ್ ಸ್ಟಾಫ್ ಫೀಲಿಟ್ಸ್ ಮತ್ತು ನ್ಯೂರ್ನ್‌ಬರ್ಗ್ ಹಡಗಿನ ಫಾನ್ ಶೋನ್‌ಬರ್ಗ್. ಸ್ಪೇ ಹೋಗೋಣ ಅಂತ ತೀರ್ಮಾನ ಮಾಡಿದ.

ಎರಡು ದಿನ ಕಳೆದ ಮೇಲೆ ಆ ಐದರಲ್ಲಿ ನಾಲ್ಕು ಹಡಗು ಸಮುದ್ರದ ತಳದಲ್ಲಿದ್ದವು. ಸ್ಪೇ ಸತ್ತಿದ್ದ. ಗ್ನೈಸೆನಾವ್‌ನಲ್ಲಿದ್ದ ಅವನ ಮಗ ಹೈನ್‌ರಿಶ್, ನ್ಯೂರ್ನ್‌ಬರ್ಗ್‌ನಲ್ಲಿದ್ದ ಇನ್ನೊಬ್ಬ ಮಗ ಓಟ್ಟೊ, ಇಬ್ಬರೂ ಅದೇ ದಿನ ಹೋದರು.

ಈ ಕತೆ ಹೇಳುವವರು ಸಾಮಾನ್ಯವಾಗಿ ಕೊನೆಗೆ ‘ಛೆ, ಒಂದೇ ದಿನದ ಅಂತರ’ ಅಂತ ನಿಟ್ಟುಸಿರು ಬಿಡುತ್ತಾರೆ. ಬ್ರಿಟಿಷರ ದೊಡ್ಡ ಹಡಗುಗಳು ಸ್ಟ್ಯಾನ್ಲಿಗೆ ಬಂದದ್ದು ಡಿಸೆಂಬರ್ 7ಕ್ಕೆ, ಸ್ಪೇ ಬಂದದ್ದು 8ಕ್ಕೆ. ದುರದೃಷ್ಟ ಇತ್ತು, ಇಲ್ಲ ಅನ್ನೋದಿಲ್ಲ. ಆದರೆ ಇದನ್ನು ಅದೃಷ್ಟದ ಖಾತೆಗೆ ಬರೆದು ಕೈತೊಳೆದುಕೊಂಡರೆ ಪ್ರಕರಣದಲ್ಲಿ ನೋಡಬೇಕಾದ್ದೇ ತಪ್ಪಿಹೋಗುತ್ತದೆ. ನನ್ನ ಪ್ರಕಾರ ಇದರ ಬೇರು ಇರುವುದು ಆಗಸ್ಟ್ ತಿಂಗಳಲ್ಲಿ, ಪೆಸಿಫಿಕ್ ಮಧ್ಯದ ಪಗಾನ್ ದ್ವೀಪದಲ್ಲಿ, ಹಡಗುಗಳನ್ನು ಗುಂಪಾಗಿಯೇ ಇಟ್ಟುಕೊಳ್ಳಬೇಕು ಅನ್ನೋ ಸ್ಪೇಯ ಹಠದಲ್ಲಿ. ಅದೇ ಹಠ ಅವನಿಗೆ ಒಂದು ದೊಡ್ಡ ಗೆಲುವನ್ನೂ ಕೊಟ್ಟಿತು, ಹಾಗಾಗಿ ವಿಷಯ ಅಷ್ಟು ಸರಳ ಅಲ್ಲ.

ಮನುಷ್ಯ ಯಾರು ಅಂತ ಸ್ವಲ್ಪ. ಹುಟ್ಟಿದ್ದು 1861ರಲ್ಲಿ, ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ. ರೈನ್ ಕಡೆಯ ಕ್ಯಾಥೊಲಿಕ್ ಜಮೀನ್ದಾರಿ ಮನೆತನ. 1878ರಲ್ಲಿ ನೌಕಾಪಡೆ ಸೇರಿದ. ಆಫ್ರಿಕಾದ ಕ್ಯಾಮರೂನ್‌ನಲ್ಲಿ ಬಂದರು ನೋಡಿಕೊಂಡ, ಅಲ್ಲೇ ಜ್ವರ ಹಿಡಿದು ಊರಿಗೆ ವಾಪಸ್ಸಾದ, ಆಮೇಲೆ ಚೀನಾ ಕಡೆ ಕೆಲಸ, ಯುದ್ಧನೌಕೆಯೊಂದರ ಕ್ಯಾಪ್ಟನ್‌ಗಿರಿ, ನಾರ್ತ್ ಸೀ ಕಡೆ ಕಚೇರಿ ಕೆಲಸ. 1910ರಲ್ಲಿ ರಿಯರ್ ಅಡ್ಮಿರಲ್. 1912ರ ಕೊನೆಗೆ ಪೂರ್ವ ಏಷ್ಯಾ ದಳದ ಮುಖ್ಯಸ್ಥ. ಮೆಟ್ಟಿಲು ಮೆಟ್ಟಿಲಾಗಿ ಹತ್ತಿದ ಅಧಿಕಾರಿ, ಎಲ್ಲೂ ಅವಸರದ ಹಾರಾಟ ಇಲ್ಲ.

ಪೂರ್ವ ಏಷ್ಯಾ ದಳದ ಮನೆ ಅಂದರೆ ಚೀನಾದ ಟ್ಸಿಂಗ್‌ಟಾವ್, ಇವತ್ತಿನ ಚಿಂಗ್‌ಡಾವ್. 1898ರಲ್ಲಿ ಜರ್ಮನಿ ಅದನ್ನು 99 ವರ್ಷಕ್ಕೆ ಗುತ್ತಿಗೆ ಹಿಡಿದಿತ್ತು. ಶಾರ್ನ್‌ಹಾರ್ಸ್ಟ್, ಗ್ನೈಸೆನಾವ್ ಅಂತ ಎರಡು ಆರ್ಮರ್ಡ್ ಕ್ರೂಸರ್‌ಗಳು (ಉಕ್ಕಿನ ಕವಚ ತೊಟ್ಟ ಯುದ್ಧನೌಕೆಗಳು), ಒಂದೊಂದರಲ್ಲೂ ಎಂಟು 21 ಸೆಂಟಿಮೀಟರ್ ತೋಪುಗಳು. ಗುರಿ ಹೊಡೆಯುವುದರಲ್ಲಿ ಇಡೀ ಜರ್ಮನ್ ನೌಕಾಪಡೆಯಲ್ಲೇ ಇವರಿಗೆ ಹೆಸರು. ಜೊತೆಗೆ ಎಮ್ಡೆನ್, ನ್ಯೂರ್ನ್‌ಬರ್ಗ್, ಲೈಪ್ಜಿಗ್ ಅನ್ನೋ ಹಗುರ ಕ್ರೂಸರ್‌ಗಳು. 1914ರ ಜೂನ್‌ನಲ್ಲಿ ಬ್ರಿಟಿಷ್ ಅಡ್ಮಿರಲ್ ಜೆರಮ್ ತನ್ನ ಹಡಗಿನ ಸಮೇತ ಟ್ಸಿಂಗ್‌ಟಾವ್‌ಗೆ ಅತಿಥಿಯಾಗಿ ಬಂದಿದ್ದ, ಔತಣ, ಆಟ ಎಲ್ಲ ನಡೆದಿತ್ತು. ಎರಡು ತಿಂಗಳೊಳಗೆ ಅದೇ ಜೆರಮ್ ಸ್ಪೇಯನ್ನು ಹುಡುಕುತ್ತಿದ್ದ!

ಯುದ್ಧ ಶುರುವಾದಾಗ ಸ್ಪೇ ಟ್ಸಿಂಗ್‌ಟಾವ್‌ನಲ್ಲಿ ಇರಲಿಲ್ಲ. ಬೇಸಿಗೆಯ ಸುತ್ತಾಟಕ್ಕೆ ಅಂತ ಹೊರಟು ಕ್ಯಾರೊಲೈನ್ ದ್ವೀಪಗಳ ಪೊನಾಪೆಯಲ್ಲಿದ್ದ. ವಾಪಸ್ ಹೋಗುವ ಹಾಗಿಲ್ಲ, ಯಾಕೆಂದರೆ ಜಪಾನ್ ಬ್ರಿಟಿಷರ ಕಡೆ ಸೇರುವ ಸೂಚನೆ ಆಗಲೇ ಇತ್ತು (ಆಗಸ್ಟ್ 23ಕ್ಕೆ ಸೇರಿಯೂ ಬಿಟ್ಟಿತು). ದಕ್ಷಿಣಕ್ಕೆ ಹೋದರೆ ಆಸ್ಟ್ರೇಲಿಯಾ ಅನ್ನೋ ಹೆಸರಿನ ಬ್ಯಾಟಲ್‌ಕ್ರೂಸರ್ (ದೊಡ್ಡ ತೋಪು, ಜೋರು ವೇಗ ಎರಡೂ ಇರುವ ಯುದ್ಧನೌಕೆ) ಕಾಯುತ್ತಿದೆ, ಎಂಟು 12 ಇಂಚಿನ ತೋಪು. ಅದೊಂದೇ ಹಡಗು ನಮ್ಮ ಇಡೀ ದಳಕ್ಕಿಂತ ಬಲವಾದದ್ದು, ಅದರ ಎದುರು ಬೀಳಬಾರದು ಅಂತ ಸ್ಪೇ ತಾನೇ ಬರೆದಿಟ್ಟಿದ್ದಾನೆ.

ಇಲ್ಲಿ ಕಲ್ಲಿದ್ದಲಿನ ಲೆಕ್ಕಕ್ಕೆ ಬರಬೇಕು. ಇದು ಅರ್ಥವಾಗದೆ ಸ್ಪೇಯ ಯಾವ ನಿರ್ಧಾರವೂ ಅರ್ಥವಾಗುವುದಿಲ್ಲ.

ಶಾರ್ನ್‌ಹಾರ್ಸ್ಟ್ ಹೊಟ್ಟೆಗೆ ಹಿಡಿಯುತ್ತಿದ್ದದ್ದು ಹೆಚ್ಚೆಂದರೆ 2,000 ಟನ್ ಕಲ್ಲಿದ್ದಲು. ನಿಧಾನಕ್ಕೆ ಹೋದರೆ ಬಹಳ ದಿನ ಬರುತ್ತದೆ. ಆದರೆ ಹಡಗಿನ ವೇಗ ದುಪ್ಪಟ್ಟು ಮಾಡಬೇಕಾದರೆ ಇಂಜಿನ್ನಿಗೆ ಬೇಕಾಗುವ ಶಕ್ತಿ ಸುಮಾರು ಎಂಟು ಪಟ್ಟು. ಅಂದರೆ ಯಾರಾದರೂ ಬೆನ್ನು ಹತ್ತಿದರೆ ನಾಲ್ಕೈದು ದಿನದಲ್ಲಿ ಗೋದಾಮು ಖಾಲಿ. ಖಾಲಿಯಾದ ಮೇಲೆ ತುಂಬಿಕೊಳ್ಳಲು ಪೆಸಿಫಿಕ್‌ನಲ್ಲಿ ಜರ್ಮನಿಗೆ ಒಂದು ಬಂದರೂ ಉಳಿದಿರಲಿಲ್ಲ. ತಟಸ್ಥ ದೇಶದ ಬಂದರಿಗೆ ಹೋಗಬಹುದು, ಆದರೆ 1907ರ ಹೇಗ್ ಒಪ್ಪಂದದ ಪ್ರಕಾರ ಅಲ್ಲಿ ಸಾಮಾನ್ಯವಾಗಿ 24 ಗಂಟೆಗಿಂತ ಜಾಸ್ತಿ ನಿಲ್ಲುವ ಹಾಗಿಲ್ಲ, ಒಂದೇ ಸಲಕ್ಕೆ ಮೂರು ಹಡಗಿಗಿಂತ ಹೆಚ್ಚು ಬರುವ ಹಾಗಿಲ್ಲ, ಒಮ್ಮೆ ಆ ದೇಶದಲ್ಲಿ ಕಲ್ಲಿದ್ದಲು ತುಂಬಿಸಿಕೊಂಡ ಹಡಗು ಮೂರು ತಿಂಗಳು ಮತ್ತೆ ಕೇಳುವ ಹಾಗಿಲ್ಲ. ಹಾಗಾಗಿ ಕಲ್ಲಿದ್ದಲು ಹೊತ್ತ ಸರಕು ಹಡಗುಗಳನ್ನು ಜೊತೆಗೇ ಕರೆದುಕೊಂಡು ತಿರುಗಬೇಕು, ಯಾವುದೋ ಒಂದು ದ್ವೀಪದ ಮರೆ ನೋಡಿ ನಿಂತು, ನೂರಾರು ಜನ ಗುದ್ದಲಿಯಲ್ಲಿ ಚೀಲಕ್ಕೆ ತುಂಬಿ, ಚೀಲ ಎತ್ತಿ ಈಚೆ ಹಡಗಿಗೆ ಸುರಿದು, ಆ ಬಿಸಿಲಲ್ಲಿ ಮೈಯೆಲ್ಲ ಕಪ್ಪು ಧೂಳು ಮೆತ್ತಿಕೊಂಡು ದಿನಗಟ್ಟಲೆ ದುಡಿಯಬೇಕು. ಒಳಗೆ ಜಾಗ ಸಾಲದಿದ್ದರೆ ಡೆಕ್ ಮೇಲೆ ರಾಶಿ ಹಾಕುವುದು. ಈ ಡೆಕ್ ಮೇಲಿನ ರಾಶಿ ನೆನಪಿರಲಿ, ಮುಂದೆ ಬರುತ್ತದೆ.

ಆಗಸ್ಟ್ 13ರಂದು ಪಗಾನ್‌ನಲ್ಲಿ ಸಭೆ. ಪೂರ್ವಕ್ಕೆ, ಚಿಲಿ ಕಡೆಗೆ ಹೋಗೋಣ ಅನ್ನೋದು ಸ್ಪೇಯ ಯೋಚನೆ. ಚಿಲಿ ತಟಸ್ಥ ದೇಶ, ಅಲ್ಲಿ ಜರ್ಮನ್ ವ್ಯಾಪಾರಿಗಳು ತುಂಬ ಜನ, ಕಲ್ಲಿದ್ದಲು ಹೇಗಾದರೂ ಹೊಂದಿಸಬಹುದು. ಎಮ್ಡೆನ್‌ನ ಕ್ಯಾಪ್ಟನ್ ಕಾರ್ಲ್ ಫಾನ್ ಮ್ಯುಲ್ಲರ್ ಮಾತ್ರ ಬೇರೆ ಮಾತಾಡಿದ. ಎಲ್ಲರೂ ಸುಮ್ನೆ ಒಟ್ಟಿಗೆ ಅಲೆಯುವುದರಿಂದ ಶತ್ರುವಿಗೆ ಏನೂ ನಷ್ಟ ಇಲ್ಲ, ಒಂದು ಹಗುರ ಹಡಗನ್ನಾದರೂ ಹಿಂದೂ ಮಹಾಸಾಗರಕ್ಕೆ ಕಳಿಸಿ ಅಂದ. ಸ್ಪೇ ಒಪ್ಪಿದ. ಮರುದಿನ ಎಮ್ಡೆನ್ ಮಾರ್ಕೊಮಾನಿಯಾ ಅನ್ನೋ ಒಂದು ಕಲ್ಲಿದ್ದಲು ಹಡಗಿನ ಜೊತೆ ಹೊರಟೇ ಹೋಯಿತು.

ಎಮ್ಡೆನ್ ಏನು ಮಾಡಿತು ಅಂತ ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಸೆಪ್ಟೆಂಬರ್ 22ರ ರಾತ್ರಿ ಮದ್ರಾಸ್ ಬಂದರಿನ ಮುಂದೆ ಬಂದು ಬರ್ಮಾ ಆಯಿಲ್ ಕಂಪನಿಯ ಎಣ್ಣೆ ಟ್ಯಾಂಕುಗಳಿಗೆ ಬೆಂಕಿ ಹಚ್ಚಿ ಹೋದ ಹಡಗು ಅದು. ಬಂಗಾಳ ಕೊಲ್ಲಿಯಿಂದ ಅರಬ್ಬೀ ಸಮುದ್ರದವರೆಗೆ ಇಪ್ಪತ್ತಕ್ಕೂ ಹೆಚ್ಚು ವ್ಯಾಪಾರಿ ಹಡಗುಗಳನ್ನು ಹಿಡಿಯಿತು. ಹಿಡಿದ ಹಡಗಿನಲ್ಲಿ ಕಲ್ಲಿದ್ದಲು ಇದ್ದರೆ ಅದೇ ಅದರ ಊಟ. ಒಂಟಿ ಆಸಾಮಿ ಎಲ್ಲಾದರೂ ಉಂಡಾನು, ದಿಬ್ಬಣ ಕಟ್ಟಿಕೊಂಡು ಹೊರಟವನಿಗೆ ಆ ಅನುಕೂಲ ಇಲ್ಲ.

ಅದೇ ಸೆಪ್ಟೆಂಬರ್ 22ರಂದು ಸ್ಪೇ ಏನು ಮಾಡುತ್ತಿದ್ದ ಅಂತ ನೋಡಿ. ತಾಹಿತಿಯ ಪಪೀಟೆ ಬಂದರಿನ ಮುಂದೆ ಎರಡು ದೊಡ್ಡ ಹಡಗು ನಿಲ್ಲಿಸಿಕೊಂಡು ಫ್ರೆಂಚರ ಕಲ್ಲಿದ್ದಲಿಗೆ ಬಂದಿದ್ದ. ಫ್ರೆಂಚರು ಇವನು ಬರುವುದು ಕಂಡ ಕೂಡಲೇ ಆ ರಾಶಿಗೆ ಬೆಂಕಿ ಇಟ್ಟರು. ಸ್ಪೇ ಒಂದು ಹಳೇ ಗನ್‌ಬೋಟ್ ಮುಳುಗಿಸಿ, ಊರಿನ ಮೇಲೆ ಗುಂಡು ಹಾರಿಸಿ, ಬರಿಗೈಯಲ್ಲಿ ಹೊರಟ. ಮೊದಲೇ ಕಮ್ಮಿ ಇದ್ದ ಮದ್ದುಗುಂಡು ಇನ್ನಷ್ಟು ಖರ್ಚಾಯಿತು, ತಾನು ಎಲ್ಲಿದ್ದೇನೆ ಅಂತ ಲೋಕಕ್ಕೆಲ್ಲ ಗೊತ್ತಾಯಿತು. ಸಮೋವಾದಲ್ಲೂ ಹಾಗೇ ಆಗಿತ್ತು, ಸೆಪ್ಟೆಂಬರ್ 14ಕ್ಕೆ ಹೋಗಿ ನೋಡಿದರೆ ಬಂದರಿನಲ್ಲಿ ಹೊಡೆಯಲು ಒಂದು ಯುದ್ಧನೌಕೆಯೂ ಇರಲಿಲ್ಲ. ಒಂದೇ ದಿನ, ಒಂದೇ ದಳದ ಎರಡು ತುಂಡು. ಸಣ್ಣ ತುಂಡು ಮದ್ರಾಸ್ ಜನರನ್ನು ಊರು ಬಿಟ್ಟು ಓಡಿಸಿತು. ದೊಡ್ಡ ತುಂಡು ಉರಿಯುತ್ತಿದ್ದ ಕಲ್ಲಿದ್ದಲನ್ನು ನೋಡುತ್ತಾ ನಿಂತಿತ್ತು.

ಅಕ್ಟೋಬರ್‌ನಲ್ಲಿ ಈಸ್ಟರ್ ದ್ವೀಪಕ್ಕೆ ಬಂದಾಗ ಲೈಪ್ಜಿಗ್ ಮತ್ತು ಅಟ್ಲಾಂಟಿಕ್ ಕಡೆಯಿಂದ ಬಂದ ಡ್ರೆಸ್ಡೆನ್ ಸೇರಿಕೊಂಡವು. ದಳ ಮತ್ತೆ ಐದಾಯಿತು. ಅಲ್ಲಿಂದ ಚಿಲಿ ಕರಾವಳಿ.

ನವೆಂಬರ್ 1ರ ಸಂಜೆ ಕೊರೊನೆಲ್ ಊರಿನಾಚೆ ಸಮುದ್ರದಲ್ಲಿ ಬ್ರಿಟಿಷ್ ಅಡ್ಮಿರಲ್ ಕ್ರಾಡಕ್ ಎದುರಾದ. ಗುಡ್ ಹೋಪ್, ಮಾನ್‌ಮತ್ ಅನ್ನೋ ಎರಡು ಹಳೇ ಕ್ರೂಸರ್, ಗ್ಲಾಸ್ಗೊ ಅನ್ನೋ ಒಂದು ಒಳ್ಳೇ ಹಗುರ ಹಡಗು, ತೋಪು ಕೂರಿಸಿದ ಒಂದು ಪ್ರಯಾಣಿಕರ ಹಡಗು. ಹಡಗಿನ ಜನರಲ್ಲಿ ಬಹುಪಾಲು ಆಗಷ್ಟೇ ಕರೆಸಿಕೊಂಡ ಮೀಸಲು ಪಡೆಯವರು. ಕೆನೋಪಸ್ ಅನ್ನೋ ಹಳೇ ದೊಡ್ಡ ಯುದ್ಧನೌಕೆ ನಿಧಾನ ಅಂತ ಹಿಂದೆ ಬಿಟ್ಟು ಬಂದಿದ್ದ, ಅದು ಇನ್ನೂರೈವತ್ತು ಮೈಲಿಗೂ ದೂರದಲ್ಲಿತ್ತು.

ಸ್ಪೇ ಇಲ್ಲಿ ಎಷ್ಟು ಚೆನ್ನಾಗಿ ಆಡಿದ ಅಂದರೆ, ಅವನ ವೃತ್ತಿಯ ಮೂವತ್ತಾರು ವರ್ಷವೂ ಆ ಒಂದೂವರೆ ಗಂಟೆಯಲ್ಲಿ ಕಾಣುತ್ತದೆ. ಸೂರ್ಯ ಪಡುವಣಕ್ಕೆ ಇಳಿಯುತ್ತಿದ್ದಾಗ ಬೆಳಕು ಜರ್ಮನರ ಕಣ್ಣಿಗೆ ಹೊಡೆಯುತ್ತಿತ್ತು. ಕ್ರಾಡಕ್ ಆಗಲೇ ಹೊಡೆದಾಡೋಣ ಅಂತ ಹತ್ತಿರ ಬಂದ. ಸ್ಪೇಗೆ ವೇಗ ಇತ್ತು, ದೂರ ಸರಿದು ಸರಿದು ಅವನನ್ನು ಕಾಯಿಸಿದ. ಸೂರ್ಯ ಮುಳುಗಿದ ಕೂಡಲೇ ಎಲ್ಲ ಉಲ್ಟಾ. ಬ್ರಿಟಿಷ್ ಹಡಗುಗಳು ಕೆಂಪು ಆಕಾಶದ ಮುಂದೆ ಕಪ್ಪಗೆ, ಗೆರೆ ಎಳೆದ ಹಾಗೆ ಕಾಣಿಸತೊಡಗಿದವು. ಜರ್ಮನ್ ಹಡಗುಗಳು ಚಿಲಿಯ ಬೆಟ್ಟಗಳ ಕತ್ತಲಲ್ಲಿ ಕರಗಿದವು. ಏಳು ಗಂಟೆ ಸುಮಾರಿಗೆ ಗುಂಡು ಶುರು. ಅಬ್ಬರದ ಅಲೆಗೆ ಬ್ರಿಟಿಷರ ಕೆಳಗಿನ ಸಾಲಿನ ತೋಪುಗಳಿಗೆ ನೀರು ನುಗ್ಗುತ್ತಿತ್ತು, ಅವು ಇದ್ದೂ ಇಲ್ಲದ ಹಾಗೆ. ಗುಡ್ ಹೋಪ್ ಸಿಡಿದು ಮುಳುಗಿತು. ಮಾನ್‌ಮತ್‌ನ ಕತೆಯನ್ನು ಆ ರಾತ್ರಿ ನ್ಯೂರ್ನ್‌ಬರ್ಗ್ ಮುಗಿಸಿತು. ಸುಮಾರು 1,600 ಬ್ರಿಟಿಷ್ ನಾವಿಕರು ಸತ್ತರು, ಕ್ರಾಡಕ್ ಕೂಡ. ಜರ್ಮನರ ಕಡೆ ಮೂವರಿಗೆ ಗಾಯ, ಅಷ್ಟೇ. ಬ್ರಿಟಿಷ್ ನೌಕಾಪಡೆ ನೂರು ವರ್ಷದಿಂದ ಇಂಥ ಸೋಲು ಕಂಡಿರಲಿಲ್ಲ.

ಗುಂಪಾಗಿ ಇದ್ದದ್ದರಿಂದಲೇ ಈ ಗೆಲುವು, ಅದನ್ನು ಒಪ್ಪಲೇಬೇಕು. ಆದರೆ ಗೆಲುವಿನ ಬೆಲೆ ನೋಡಿ. ದೊಡ್ಡ ತೋಪುಗಳ ಗುಂಡು ಅರ್ಧದ ಹತ್ತಿರ ಖಾಲಿ. ಮತ್ತೆ ತುಂಬಿಸಿಕೊಳ್ಳಬೇಕಾದರೆ ಜರ್ಮನಿಗೇ ಹೋಗಬೇಕು, ಕಲ್ಲಿದ್ದಲಿನ ಹಾಗೆ ಯಾವ ವ್ಯಾಪಾರಿಯೂ ಕೊಡುವ ವಸ್ತು ಅಲ್ಲ ಅದು.

ನವೆಂಬರ್ 3ರಂದು ವಲ್‌ಪರೈಸೊ ಬಂದರಿಗೆ ಮೂರು ಹಡಗು ತಂದ. ಊರಿನ ಜರ್ಮನರಿಗೆ ಹಬ್ಬ. ಕ್ಲಬ್ಬಿನಲ್ಲಿ ಯಾರೋ ಬ್ರಿಟಿಷ್ ನೌಕಾಪಡೆ ಹಾಳಾಗಲಿ ಅಂತ ಗ್ಲಾಸ್ ಎತ್ತಿದಾಗ ಸ್ಪೇ ಒಪ್ಪದೆ, ಶೂರ ಶತ್ರುವಿನ ಹೆಸರಲ್ಲಿ ಕುಡಿದನಂತೆ. ಒಬ್ಬ ಹೆಂಗಸು ಹೂ ಕೊಟ್ಟಾಗ ನನ್ನ ಸಮಾಧಿಗೆ ಆಗುತ್ತದೆ ಅಂದನಂತೆ. ಎಷ್ಟು ನಿಜವೋ, ಎಷ್ಟು ಆಮೇಲೆ ಸೇರಿದ್ದೋ. ಆದರೆ ತಾನು ಮನೆಯಿಲ್ಲದವನು, ಗುಂಡು ಮುಗಿಯುವ ತನಕ ಅಥವಾ ತನಗಿಂತ ಬಲವಾದವರ ಕೈಗೆ ಸಿಗುವ ತನಕ ಸಮುದ್ರದಲ್ಲಿ ಅಲೆಯಬೇಕಾದವನು ಅನ್ನೋ ಅರ್ಥದ ಮಾತನ್ನು ಅಲ್ಲಿ ಒಬ್ಬ ಪರಿಚಯದ ಡಾಕ್ಟರ ಹತ್ತಿರ ಆಡಿದ್ದ ಅನ್ನೋದು ಅವನ ಆಮೇಲಿನ ನಡತೆಗೆ ಸರಿಯಾಗಿ ಹೊಂದುತ್ತದೆ.

ಆ ನಡತೆ ಅಂದರೆ, ಕಾಲಹರಣ. ನನಗೆ ಈ ಇಡೀ ಪ್ರಕರಣದಲ್ಲಿ ಪಿಕ್ಟನ್ ಸಭೆಗಿಂತ ಜಾಸ್ತಿ ಕಾಡುವುದು ಈ ನವೆಂಬರ್ ತಿಂಗಳು. ಕೊರೊನೆಲ್‌ನಿಂದ ಫಾಕ್‌ಲ್ಯಾಂಡ್‌ಗೆ ನಿಧಾನವಾಗಿ ಹೋದರೂ ಹತ್ತು ದಿನದ ದಾರಿ ಇಲ್ಲ. ಸ್ಪೇ ತೆಗೆದುಕೊಂಡದ್ದು ಐದು ವಾರ. ಮಾಸ್ ಅಫ್ಯುಯೆರಾ ಅನ್ನೋ ಒಂಟಿ ದ್ವೀಪದ ಹತ್ತಿರ ಕಲ್ಲಿದ್ದಲು ಕಾಯುತ್ತಾ ಒಂದಷ್ಟು ದಿನ. ಅಲ್ಲಿಂದ ಚಿಲಿಯ ದಕ್ಷಿಣದ ಸೇಂಟ್ ಕ್ವೆಂಟಿನ್ ಕೊಲ್ಲಿಯಲ್ಲಿ ಮತ್ತೊಂದಷ್ಟು ದಿನ. ಈ ನಡುವೆ ಟ್ಸಿಂಗ್‌ಟಾವ್ ನವೆಂಬರ್ 7ಕ್ಕೆ ಬಿತ್ತು. ಎಮ್ಡೆನ್ 9ಕ್ಕೆ ಕೊಕೊಸ್ ದ್ವೀಪದ ಬಳಿ ನಾಶವಾಯಿತು. ಬರ್ಲಿನ್ನಿನಿಂದ ಸೂಚನೆ ಬಂತು, ಆದರೆ ಊರಿಗೆ ಬರುವ ಪ್ರಯತ್ನ ಮಾಡು ಅನ್ನೋ ಸಲಹೆಯ ಜೊತೆಗೆ ಕೊನೆಯ ತೀರ್ಮಾನ ನಿನ್ನದೇ ಅಂತಲೂ ಇತ್ತು. ಜೊತೆಗೆ ಮುನ್ನೂರು ಐರನ್ ಕ್ರಾಸ್ ಪದಕಗಳು ಮಂಜೂರಾದ ಸುದ್ದಿ.

ಲಂಡನ್ನಿನಲ್ಲಿ ಈ ಕಾಲವನ್ನು ಯಾರೂ ಹಾಳು ಮಾಡಲಿಲ್ಲ. ಮುದುಕ ಫಿಶರ್ ಆಗಷ್ಟೇ ನೌಕಾಪಡೆಯ ಚುಕ್ಕಾಣಿಗೆ ವಾಪಸ್ ಬಂದಿದ್ದ. ಇನ್‌ವಿನ್ಸಿಬಲ್, ಇನ್‌ಫ್ಲೆಕ್ಸಿಬಲ್ ಅನ್ನೋ ಎರಡು ಬ್ಯಾಟಲ್‌ಕ್ರೂಸರ್‌ಗಳನ್ನು ಅಡ್ಮಿರಲ್ ಸ್ಟರ್ಡಿಯ ಕೈಗೆ ಕೊಟ್ಟು ನವೆಂಬರ್ 11ಕ್ಕೆ ಇಂಗ್ಲೆಂಡಿನ ಡೆವನ್‌ಪೋರ್ಟ್‌ನಿಂದ ಹೊರಡಿಸಿಯೇ ಬಿಟ್ಟ. ಅವು ಅಟ್ಲಾಂಟಿಕ್ಕಿನ ಉದ್ದಕ್ಕೂ ಇಳಿದು ಡಿಸೆಂಬರ್ 7ಕ್ಕೆ ಸ್ಟ್ಯಾನ್ಲಿ ತಲುಪಿದವು. ಸ್ಟರ್ಡಿಯೂ ದಾರಿಯಲ್ಲಿ ಆರಾಮಾಗಿಯೇ ಬಂದ, ಗುರಿ ಅಭ್ಯಾಸ ಮಾಡಿಕೊಂಡು. ಅಂಥ ಸ್ಟರ್ಡಿ ಕೂಡ ಸ್ಪೇಗಿಂತ ಮೊದಲು ಬಂದ!

ಈಗ ಡೆಕ್ ಮೇಲಿನ ರಾಶಿ. ನವೆಂಬರ್ 26ಕ್ಕೆ ಸ್ಪೇ ಹೊರಟಾಗ ಹಡಗುಗಳ ಡೆಕ್ ಮೇಲೂ ಕಲ್ಲಿದ್ದಲು ಪೇರಿಸಿದ್ದರು. ಕೇಪ್ ಹಾರ್ನ್ ಹತ್ತಿರ ಬಿರುಗಾಳಿ ಹಿಡಿಯಿತು. ಡೆಕ್ ಮೇಲೆ ನುಗ್ಗಿದ ನೀರು ಹೊರಗೆ ಹೋಗುವ ಕಂಡಿಗಳಿಗೆ ಕಲ್ಲಿದ್ದಲು ಸಿಕ್ಕಿಕೊಂಡು ನೀರು ಅಲ್ಲೇ ನಿಂತಿತು, ಹಡಗು ವಾಲತೊಡಗಿತು. ಡ್ರೆಸ್ಡೆನ್ ಡೆಕ್ ಮೇಲಿದ್ದದ್ದನ್ನು ಸಮುದ್ರಕ್ಕೆ ಸುರಿಯಬೇಕಾಯಿತು. ಅಂದಮೇಲೆ ಅದಕ್ಕೆ ಮತ್ತೆ ಕಲ್ಲಿದ್ದಲು ಬೇಕು. ಅಷ್ಟರಲ್ಲಿ ಲೈಪ್ಜಿಗ್‌ಗೆ ಡ್ರಮ್ಮ್ಯೂರ್ ಅನ್ನೋ ಬ್ರಿಟಿಷ್ ಹಾಯಿಹಡಗು ಸಿಕ್ಕಿಬಿಟ್ಟಿತು, ಒಳಗೆ ಸುಮಾರು 2,800 ಟನ್ ಒಳ್ಳೇ ಕಲ್ಲಿದ್ದಲು. ಬಿಡುವುದುಂಟಾ? ಎಳೆದುಕೊಂಡು ಪಿಕ್ಟನ್ ದ್ವೀಪದ ಮರೆಗೆ ಬಂದು ಡಿಸೆಂಬರ್ 3ರಿಂದ 6ರವರೆಗೆ ನಿಂತು ಬಗೆದು ತುಂಬಿಕೊಂಡರು. ಅಧಿಕಾರಿಗಳು ದಡಕ್ಕೆ ಹೋಗಿ ಬೇಟೆಯಾಡಿದರು. ಕ್ರಿಸ್‌ಮಸ್ ಹತ್ತಿರ ಬಂತಲ್ಲ, ಅಲಂಕಾರಕ್ಕೆ ಇರಲಿ ಅಂತ ಕೆಂಪು ಹಣ್ಣಿನ ಕೊಂಬೆಗಳನ್ನು ಕಡಿದುಕೊಂಡು ಬಂದರು.

ಆ ಮೂರು ದಿನ ನಿಲ್ಲದೆ ಹೋಗಿದ್ದರೆ ಸ್ಟ್ಯಾನ್ಲಿಯಲ್ಲಿ ಸಿಗುತ್ತಿದ್ದದ್ದು ಕೆಸರಿಗೆ ಒರಗಿಸಿ ಕಾವಲಿಗೆ ನಿಲ್ಲಿಸಿದ್ದ ಆ ಹಳೇ ಕೆನೋಪಸ್ ಒಂದೇ. ಜನ ದುರದೃಷ್ಟ ಅನ್ನೋದು ಇದನ್ನೇ. ಆದರೆ ನನ್ನ ಪ್ರಶ್ನೆ ಬೇರೆ. ಡಿಸೆಂಬರ್ 6ರಂದು ಕಲ್ಲಿದ್ದಲು ಭರ್ತಿಯಾಗಿತ್ತು. ಹಾಗಾದರೆ ಫಾಕ್‌ಲ್ಯಾಂಡ್ ಯಾಕೆ ಬೇಕಿತ್ತು?

ಮೆರ್ಕರ್ ಕೇಳಿದ್ದು ಹೆಚ್ಚುಕಡಿಮೆ ಇದನ್ನೇ. ಆ ದ್ವೀಪವನ್ನು ದೂರದಿಂದ ಬಳಸಿ ಹೋಗಿ, ಮೇಲೆ ಅರ್ಜೆಂಟೀನಾ, ಉರುಗ್ವೆ ನಡುವಿನ ಪ್ಲೇಟ್ ನದಿಯ ಕಡೆ ಬ್ರಿಟಿಷ್ ವ್ಯಾಪಾರಿ ಹಡಗುಗಳು ಸಾಲಾಗಿ ಹೋಗುತ್ತವಲ್ಲ, ಅಲ್ಲಿ ಹೊಡೆಯೋಣ ಅನ್ನೋದು ಅವನ ವಾದ. ಒಳ್ಳೇ ವಾದ. ಸ್ಪೇಗೆ ಬಂದ ಸುದ್ದಿ ಪ್ರಕಾರ ಫಾಕ್‌ಲ್ಯಾಂಡ್ ಖಾಲಿ. ಆ ಸುದ್ದಿಯನ್ನು ಪರೀಕ್ಷೆ ಮಾಡುವ ದಾರಿ ಇರಲಿಲ್ಲ. ಆದರೆ ಸುದ್ದಿ ನಿಜವೇ ಆಗಿದ್ದರೂ ಲಾಭ ಏನು? ಒಂದು ವೈರ್‌ಲೆಸ್ ಕಂಬ ಬೀಳುತ್ತದೆ. ಒಬ್ಬ ಗವರ್ನರ್ ಸೆರೆಯಾಗುತ್ತಾನೆ. ಅದರ ಬದಲಿಗೆ ಸ್ಪೇ ಎಲ್ಲಿದ್ದಾನೆ ಅಂತ ಮತ್ತೊಮ್ಮೆ ಇಡೀ ಲೋಕಕ್ಕೆ ಗೊತ್ತಾಗುತ್ತದೆ, ಅದೂ ಊರಿಗೆ ನುಸುಳಿ ಹೋಗಬೇಕಾದ ಹೊತ್ತಿನಲ್ಲಿ. ಪಪೀಟೆಯಲ್ಲಿ ಒಮ್ಮೆ ಇದೇ ಪಾಠ ಆಗಿತ್ತಲ್ವಾ?

ನನಗನ್ನಿಸುವುದು ಇಷ್ಟು. ಸ್ಪೇ ಊರು ತಲುಪುತ್ತೇನೆ ಅಂತ ನಿಜವಾಗಿ ನಂಬಿರಲಿಲ್ಲ. ಹೇಗಿದ್ದರೂ ಹೋಗುವ ಜೀವ, ಹೋಗುವ ಮುಂಚೆ ಅಡ್ಮಿರಲ್ ಮಾಡಬೇಕಾದ ಕೆಲಸ ಇನ್ನೊಂದು ಮಾಡೋಣ ಅನ್ನೋ ಲೆಕ್ಕ ಅದು. ಹಗುರ ಹಡಗುಗಳನ್ನು ಬಿಡಿಬಿಡಿಯಾಗಿ ವ್ಯಾಪಾರಿ ಹಡಗುಗಳ ಬೇಟೆಗೆ ಬಿಡುವುದು ಅವನಿಗೆ ಒಗ್ಗದ ಯುದ್ಧ. ಸಾಲು ಕಟ್ಟಿ, ಬಾವುಟ ಹಾರಿಸಿ, ಎದುರಾದ ದಳವನ್ನು ಹೊಡೆಯುವುದು ಅವನು ಕಲಿತ ಯುದ್ಧ.

ಡಿಸೆಂಬರ್ 8ರ ಬೆಳಿಗ್ಗೆ ಆ ಕಡೆಗೆ ಅಪರೂಪವಾದ ಬಿಸಿಲು, ಶಾಂತ ಸಮುದ್ರ, ದೂರದವರೆಗೆ ಎಲ್ಲ ನಿಚ್ಚಳ. ಸ್ಪೇ ಗ್ನೈಸೆನಾವ್ ಮತ್ತು ನ್ಯೂರ್ನ್‌ಬರ್ಗ್ ಹಡಗುಗಳನ್ನು ಮುಂದೆ ಕಳಿಸಿ ಉಳಿದ ಮೂರರ ಜೊತೆ ಹಿಂದೆ ಇದ್ದ. ಎಂಟು ಗಂಟೆಯ ಆಸುಪಾಸಿಗೆ ಸ್ಟ್ಯಾನ್ಲಿಯ ಗುಡ್ಡದ ಮೇಲಿನ ಕಾವಲಿನವರಿಗೆ ಇವರು ಕಂಡರು. ಬಂದರಿನೊಳಗೆ ಸ್ಟರ್ಡಿಯ ಹಡಗುಗಳು ಕಲ್ಲಿದ್ದಲು ತುಂಬಿಸಿಕೊಳ್ಳುತ್ತಾ ನಿಂತಿದ್ದವು, ಧೂಳಲ್ಲಿ ಮುಳುಗಿ, ತಕ್ಷಣ ಹೊರಡುವ ಸ್ಥಿತಿಯಲ್ಲಿ ಇರಲಿಲ್ಲ. ಗುಡ್ಡದ ಹಿಂದಿನಿಂದ ದಟ್ಟ ಹೊಗೆ ಎದ್ದದ್ದು ಜರ್ಮನರಿಗೆ ಕಂಡಿತು. ಅವರು ಏನಂದುಕೊಂಡರು ಗೊತ್ತಾ? ಬ್ರಿಟಿಷರು ಕಲ್ಲಿದ್ದಲಿನ ರಾಶಿ ಸುಡುತ್ತಿದ್ದಾರೆ ಅಂತ. ಪಪೀಟೆಯಲ್ಲಿ ಕಂಡದ್ದೇ ಕಣ್ಣಲ್ಲಿ ಕೂತಿತ್ತು. ಆ ಹೊಗೆ ಬಾಯ್ಲರ್‌ಗಳನ್ನು ಅವಸರವಾಗಿ ಹೊತ್ತಿಸುತ್ತಿದ್ದ ಹೊಗೆ.

ಗ್ನೈಸೆನಾವ್‌ನ ಕಾವಲಿನವರು ಮೂರು ಕಾಲಿನ ಕಂಬಗಳನ್ನು ಕಂಡೆವು ಅಂದರು. ಅಂಥ ಕಂಬ ಇರುವುದು ಹೊಸ ಕಾಲದ ದೊಡ್ಡ ಹಡಗುಗಳಿಗೆ ಮಾತ್ರ. ಮೇಲಿನವರು ನಂಬಲಿಲ್ಲ, ಅಂಥವು ಇಲ್ಲಿಗೆ ಎಲ್ಲಿಂದ ಬರಬೇಕು! ಅಷ್ಟರಲ್ಲಿ ಕೆನೋಪಸ್ ಗುಡ್ಡದ ಹಿಂದಿನಿಂದಲೇ ಗುಂಡು ಹಾರಿಸಿತು. ಅಭ್ಯಾಸಕ್ಕೆ ಅಂತ ತುಂಬಿಟ್ಟಿದ್ದ, ಮದ್ದಿಲ್ಲದ ಗುಂಡೊಂದು ನೀರಿಗೆ ಬಡಿದು ಪುಟಿದು ಗ್ನೈಸೆನಾವ್‌ನ ಹೊಗೆಕೊಳವೆಗೆ ತಗುಲಿತು. ಸ್ಪೇ ವಾಪಸ್ ತಿರುಗಲು ಹೇಳಿದ.

ಇಲ್ಲಿ ಅನೇಕರು ಸ್ಪೇಯನ್ನು ದೂರುತ್ತಾರೆ. ಬಂದರಿನ ಬಾಯಿಗೇ ನುಗ್ಗಿ ಹೊಡೆದಿದ್ದರೆ ಸ್ಟರ್ಡಿ ಗೂಡಿನೊಳಗೇ ಸಿಕ್ಕಿಬೀಳುತ್ತಿದ್ದ ಅಂತ. ನಾನು ಇದನ್ನು ಒಪ್ಪುವುದಿಲ್ಲ. ಹತ್ತಿರ ಇದ್ದದ್ದು ಎರಡೇ ಹಡಗು. ಕಾಣದ ಜಾಗದಿಂದ 12 ಇಂಚಿನ ಗುಂಡು ಬರುತ್ತಿದೆ. ಒಳಗೆ ಇರುವುದು ಹಳೇ ನಿಧಾನದ ಯುದ್ಧನೌಕೆಗಳಾದರೆ ಅವುಗಳಿಂದ ಓಡಿ ತಪ್ಪಿಸಿಕೊಳ್ಳಬಹುದು ಅನ್ನೋದು ಆ ಕ್ಷಣಕ್ಕೆ ಸರಿಯಾದ ಲೆಕ್ಕವೇ. ಗುಂಡಿನ ದಾಸ್ತಾನು ಅರ್ಧ ಆಗಿರುವವನು ಇನ್ನೇನು ಮಾಡಬೇಕು? ತಪ್ಪು ಆದದ್ದು ಅಲ್ಲಿಗೆ ಬಂದದ್ದರಲ್ಲಿ, ತಿರುಗಿದ್ದರಲ್ಲಲ್ಲ.

ಹತ್ತು ಗಂಟೆಗೆ ಬ್ರಿಟಿಷರು ಹೊರಬಂದರು. ಆಮೇಲಿನದು ಬರೀ ಗಣಿತ. ಇವರದು 25 ನಾಟ್ (ಗಂಟೆಗೆ ಸುಮಾರು 46 ಕಿಲೋಮೀಟರ್) ಓಡುವ ಹಡಗು. ಸ್ಪೇಯ ಹಡಗುಗಳು ಹೊಸದರಲ್ಲಿ 22ಕ್ಕೂ ಹೆಚ್ಚು ಓಡಿದವು ನಿಜ, ಆದರೆ ತಿಂಗಳುಗಟ್ಟಲೆ ಡಾಕ್ ಕಾಣದೆ ತಳಕ್ಕೆ ಪಾಚಿ, ಚಿಪ್ಪು ಹತ್ತಿತ್ತು, ಇಂಜಿನ್ ಸವೆದಿತ್ತು. ದಕ್ಷಿಣ ಗೋಳದ ಬೇಸಿಗೆ, ಸಂಜೆ ಆಗುವುದೇ ತಡ. ಬೆನ್ನಟ್ಟುವವರಿಗೆ ಬೇಕಾದಷ್ಟು ಬೆಳಕು.

ಮಧ್ಯಾಹ್ನ ಒಂದರ ಹೊತ್ತಿಗೆ ಗುಂಡು ಬೀಳತೊಡಗಿತು. 1:20ಕ್ಕೆ ಸ್ಪೇ ಮೂರು ಹಗುರ ಹಡಗುಗಳಿಗೆ ಚದುರಿ ಹೋಗಿ ಅಂತ ಹೇಳಿ, ತಾನು ಶಾರ್ನ್‌ಹಾರ್ಸ್ಟ್ ಮತ್ತು ಗ್ನೈಸೆನಾವ್ ತಿರುಗಿಸಿ ಬ್ಯಾಟಲ್‌ಕ್ರೂಸರ್‌ಗಳ ಎದುರು ನಿಂತ. ನಾಲ್ಕು ತಿಂಗಳಿಂದ ಬಿಡದೆ ಹಿಡಿದುಕೊಂಡಿದ್ದ ಗುಂಪನ್ನು ಆಗ ಬಿಟ್ಟ. ಬಿಟ್ಟದ್ದು ಸರಿಯಾಗಿಯೇ, ಆದರೆ ಎಷ್ಟು ತಡವಾಗಿ!

ಗಾಳಿ ಯಾವ ಕಡೆ ಇದೆ ನೋಡಿ, ಬ್ರಿಟಿಷರ ಹೊಗೆ ಬ್ರಿಟಿಷರ ಕಣ್ಣಿಗೇ ಅಡ್ಡ ಬರುವ ಹಾಗೆ ತನ್ನ ಹಡಗು ನಿಲ್ಲಿಸಿಕೊಂಡ. ಸಣ್ಣ ತೋಪುಗಳಿಗೂ ಕೆಲಸ ಸಿಗಲಿ ಅಂತ ಹತ್ತಿರಕ್ಕೆ ನುಗ್ಗಿದ. ಇನ್‌ವಿನ್ಸಿಬಲ್‌ಗೆ ಇಪ್ಪತ್ತು ಸಲದ ಮೇಲೆ ಏಟು ಬಿತ್ತು, ಆದರೆ ಅದರಲ್ಲಿದ್ದ ಒಬ್ಬನೂ ಸಾಯಲಿಲ್ಲ. ಇತ್ತ ಎರಡು ಬ್ಯಾಟಲ್‌ಕ್ರೂಸರ್ ಸೇರಿ ಸಾವಿರಕ್ಕೂ ಹೆಚ್ಚು 12 ಇಂಚಿನ ಗುಂಡು ಸುರಿದವು. ಕೊನೆಯ ಹೊತ್ತಿನಲ್ಲಿ ಸ್ಪೇ ಮೆರ್ಕರ್‌ಗೆ, ನೀನು ಹೇಳಿದ್ದೇ ಸರಿ ಅನ್ನೋ ಅರ್ಥದ ಸಂದೇಶ ಕಳಿಸಿದ ಅಂತ ಹೇಳುತ್ತಾರೆ. 4:17ಕ್ಕೆ ಶಾರ್ನ್‌ಹಾರ್ಸ್ಟ್ ಮಗುಚಿತು. ಗ್ನೈಸೆನಾವ್ ಇನ್ನೂ ಹೊಡೆದಾಡುತ್ತಿದ್ದರಿಂದ ಬ್ರಿಟಿಷರು ನಿಲ್ಲಲಿಲ್ಲ. ಶಾರ್ನ್‌ಹಾರ್ಸ್ಟ್‌ನ ಎಂಟುನೂರಕ್ಕೂ ಹೆಚ್ಚು ಜನರಲ್ಲಿ ಒಬ್ಬನೂ ಉಳಿಯಲಿಲ್ಲ. ಆರು ಗಂಟೆಗೆ ಗ್ನೈಸೆನಾವ್. ಏಳೂವರೆಗೆ ನ್ಯೂರ್ನ್‌ಬರ್ಗ್. ಒಂಬತ್ತರ ಮೇಲೆ ಲೈಪ್ಜಿಗ್. ಬ್ರಿಟಿಷರ ಕಡೆ ಸತ್ತವರು ಹತ್ತು ಜನ.

ಶಾರ್ನ್‌ಹಾರ್ಸ್ಟ್‌ನ ಅವಶೇಷ 2019ರಲ್ಲಿ ಸಿಕ್ಕಿತು, 1,610 ಮೀಟರ್ ಆಳದಲ್ಲಿ. ಜರ್ಮನಿ ಆಮೇಲೆ ಇನ್ನೊಂದು ಯುದ್ಧನೌಕೆಗೆ ಸ್ಪೇಯ ಹೆಸರಿಟ್ಟಿತು. 1934ರಲ್ಲಿ ಅದನ್ನು ನೀರಿಗೆ ಬಿಟ್ಟದ್ದು ಅವನ ಮಗಳು ಹುಬೆರ್ಟಾ. ಅದೂ 1939ರಲ್ಲಿ ಅದೇ ದಕ್ಷಿಣ ಅಟ್ಲಾಂಟಿಕ್‌ನಲ್ಲಿ, ಮಾಂಟೆವಿಡಿಯೊ ಮುಂದೆ, ತನ್ನವರ ಕೈಯಲ್ಲೇ ಮುಳುಗಿತು.

ಗುಂಪು ಬಿಟ್ಟಿದ್ದರೆ ಏನಾಗುತ್ತಿತ್ತು ಅಂತ ಊಹೆ ಮಾಡಬೇಕಿಲ್ಲ, ಉದಾಹರಣೆ ಇಲ್ಲೇ ಇದೆ. ಆ ದಿನ ತಪ್ಪಿಸಿಕೊಂಡ ಡ್ರೆಸ್ಡೆನ್ ಚಿಲಿಯ ದಕ್ಷಿಣದ ಕಿರಿದಾದ ಕಾಲುವೆಗಳಲ್ಲಿ, ಕೊಲ್ಲಿಗಳಲ್ಲಿ ಬಚ್ಚಿಟ್ಟುಕೊಂಡು ಮೂರು ತಿಂಗಳು ಬ್ರಿಟಿಷ್ ಕ್ರೂಸರ್‌ಗಳನ್ನು ಸುತ್ತಾಡಿಸಿತು. ಸಿಕ್ಕಿಬಿದ್ದದ್ದು 1915ರ ಮಾರ್ಚ್ 14ರಂದು, ಹ್ವಾನ್ ಫೆರ್ನಾಂಡೆಸ್ ದ್ವೀಪದಲ್ಲಿ. ಆ ಹೊತ್ತಿಗೆ ಕಲ್ಲಿದ್ದಲು ಮುಗಿಯುತ್ತಾ ಬಂದಿತ್ತು, ಹಡಗು ಮುಂದೆ ಹೋಗುವ ಸ್ಥಿತಿಯಲ್ಲಿ ಇರಲಿಲ್ಲ. ಬ್ರಿಟಿಷರು ಚಿಲಿಯ ನೀರಲ್ಲೇ ಗುಂಡು ಹಾರಿಸಿದಾಗ ಲ್ಯೂಡೆಕೆ ಮಾತುಕತೆಗೆ ಒಬ್ಬ ಲೆಫ್ಟಿನೆಂಟನನ್ನು ಕಳಿಸಿದ. ಅವನ ಹೆಸರು ವಿಲ್ಹೆಲ್ಮ್ ಕನಾರಿಸ್, ಮುಂದೆ ಹಿಟ್ಲರ್ ಕಾಲದಲ್ಲಿ ಜರ್ಮನ್ ಸೇನೆಯ ಗೂಢಚಾರ ವಿಭಾಗದ ಮುಖ್ಯಸ್ಥನಾದವನು ಇವನೇ. ಅವನು ಮಾತಾಡಿ ಸಮಯ ತಳ್ಳುತ್ತಿದ್ದಾಗ ಇತ್ತ ಲ್ಯೂಡೆಕೆ ಹಡಗನ್ನು ತಾನೇ ಮುಳುಗಿಸುವ ತಯಾರಿ ಮುಗಿಸಿದ್ದ.